ಫ್ಲೆಕ್ಸಿನ ಬಣ್ಣ

ಫ್ಲೆಕ್ಸ್ ಅಂಗಡಿಯವನು ನಂಜಪ್ಪನವರನ್ನು ಕೇಳದೆಯೇ ಅವರ ಫೋಟೋ ಬೆಳ್ಳಗೆ ಮಾಡಿದ್ದೇ ಎಲ್ಲಕ್ಕೂ ಮೂಲ. ವೈಟ್‌ಫೀಲ್ಡಿನ ಬಸ್‌ಸ್ಟಾಪಿನ ಮೇಲೆ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಆ ಕಾರ್ಪೊರೇಷನ್ ಟಿಕೆಟ್ ಆಕಾಂಕ್ಷಿ ಕೆನೆಯಲ್ಲಿ ಅದ್ದಿ ತೆಗೆದ ಬನ್ನಿನಂತಿದ್ದ. ಕೆಳಗೆ ನಿಂತಿದ್ದ ಅಸಲಿ ನಂಜಪ್ಪನವರದು ಅಪ್ಪಟ ರಾಗಿಮುದ್ದೆಯ ಬಣ್ಣ.

"ಯಾರಣ್ಣ ಮೇಲಿರೋದು, ನಿಮ್ ತಮ್ಮನಾ?" ಎಂದು ಕಾರಿನ ಕಿಟಕಿಯಿಂದ ತಲೆ ಹಾಕಿದ ಹನುಮಯ್ಯ. ಅದೇ ಟಿಕೆಟ್ಟಿಗೆ ಕಾದವನು, ಏಸಿ ಬಿಟ್ಟು ಇಳಿಯದವನು. "ಸಾಯಂಕಾಲ ಪಕ್ಷದ ಅಧ್ಯಕ್ಷರು ಬತ್ತವ್ರೆ. ಫ್ಲೆಕ್ಸ್ ನೋಡ್ಕಂಡು ನಿಮ್ಮನ್ನ ಹುಡುಕಿದ್ರೆ ಸಿಕ್ತೀರಾ?"

ಮೂರು ಚುನಾವಣೆಗಳಿಂದ ಟಿಕೆಟ್ಟಿಗೆ ಕಾದಿದ್ದ ನಂಜಪ್ಪನವರಿಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. ಫ್ಲೆಕ್ಸ್ ಬದಲಿಸಲು ಹೊತ್ತಿಲ್ಲ. ಉಳಿದದ್ದು ಮುಖ ಬದಲಿಸುವುದು.

ಅವರ ಕಟ್ಟಡದ ಕೆಳಗೆ ಬಾಡಿಗೆಗಿದ್ದ ಸಿದ್ಧಾರ್ಥನ ಬ್ಯೂಟಿ ಪಾರ್ಲರಿನಲ್ಲಿ ಒಂದು ವಿಚಿತ್ರ ಮಂಚವಿತ್ತು. ಮುಚ್ಚಳ ಬೇರೆ, ಒಳಗೆಲ್ಲ ನೀಲಿ ಟ್ಯೂಬ್‌ಲೈಟು. ಅದರಲ್ಲಿ ಮಲಗಲು ಕಂಪನಿಗಳ ಫಾರಿನ್ನಿನವರು ಬರುತ್ತಿದ್ದರು. ಬಾಲ್ಕನಿಯಲ್ಲಿ ಕುಳಿತು ನಂಜಪ್ಪನವರು ತಿಂಗಳಿಂದ ನೋಡಿದ್ದರು: ಹೊರಗೆ ಬರುವವರೆಲ್ಲ ಬೆಳ್ಳಗಿದ್ದರು. ಒಳಗೆ ಹೋಗುವಾಗಲೂ ಅವರು ಬೆಳ್ಳಗೇ ಇದ್ದರೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಿದ್ಧಾರ್ಥ ಬರುವ ಮುನ್ನ ತಮ್ಮಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಒಳಗೆ ನುಗ್ಗಿದರು. ಅಲ್ಲಿದ್ದ ಕಪ್ಪು ಕನ್ನಡಕ ಈಜುವವರದಿರಬೇಕೆಂದು ಪಕ್ಕಕ್ಕಿಟ್ಟು ಮಲಗಿ ಗುಂಡಿ ಒತ್ತಿದರು. ಯಂತ್ರ ತಾನಾಗಿ ನಿಂತಿತು. ಮತ್ತೆ ಒತ್ತಿದರು. ಕತ್ತು ಬಾಕಿ ಉಳಿದಿದ್ದರೆ ಎಂದು ಇನ್ನೊಮ್ಮೆ ಒತ್ತಿದರು. ಎಷ್ಟು ಬೆಳ್ಳಗಾಯಿತೆಂದು ನಡುನಡುವೆ ಕಣ್ಣು ಬಿಟ್ಟೂ ನೋಡಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮುಖ ಒಲೆಯ ಮೇಲಿಟ್ಟಂತಾಯಿತು.

"ಇದೇನ್ರೀ ಮೂತಿ, ಸೀದೋದ ರೊಟ್ಟಿ ಆದಂಗಾಗೈತೆ," ಎಂದರು ಹೆಂಡತಿ ಈಶ್ವರಮ್ಮ.

"ಬಣ್ಣ ಕೂತ್ಕತಾ ಐತೆ, ಸುಮ್ಕಿರು."

ಈಶ್ವರಮ್ಮ ಒಂದು ಬೆರಳು ತಾಗಿಸಿದರು. ನಂಜಪ್ಪನವರು ಕುರ್ಚಿಯ ಮೇಲಿಂದ ಹಾರಿ ನಿಂತರು. ಅಷ್ಟರಲ್ಲಿ ಕಣ್ಣಿಗೂ ಖಾರದಪುಡಿ ಎರಚಿದಂತಾಯಿತು. ಗೋಡೆ ಹಿಡಿದು ಮೆಟ್ಟಿಲಿಳಿಯುವಾಗ ಸಿದ್ಧಾರ್ಥನಿಗೇ ಡಿಕ್ಕಿ ಹೊಡೆದರು. ನಡೆದದ್ದನ್ನೆಲ್ಲ ಅವನಿಗೆ ಹೇಳಿದರು.

"ಸಾರ್, ಅದು ಕಪ್ಪಗಾಗೋಕೆ ಇರೋ ಮೆಷಿನ್."

"ಕಪ್ಪಗಾಗಕ್ಕಾ? ದುಡ್ಡು ಕೊಟ್ಟು?"

"ಹೌದು ಸಾರ್."

"ಯಾಕೆ, ಆಚೆ ಬಿಸ್ಲಿಗೂ ನಾನು ಬಾಡಿಗೆ ಹಾಕಿದೀನಾ?"

ಸಿದ್ಧಾರ್ಥ, ಈಶ್ವರಮ್ಮ ಇಬ್ಬರೂ ಸೇರಿ ಅವರನ್ನು ಡಾಕ್ಟರ್ ಮಹಾದೇವಿಯವರ ಬಳಿಗೆ ಹೊತ್ತೊಯ್ದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು.

"ಚರ್ಮ ಸುಟ್ಟಿದೆ. ಕನ್ನಡಕ ಹಾಕ್ದೆ ಕಣ್ಣಿನ ಮೇಲ್ಪದರಾನೂ ಸುಟ್ಕೊಂಡಿದೀರಿ. ಅದ್ರಲ್ಲಿರೋದು ನೇರಳಾತೀತ ಕಿರಣ ಕಣ್ರೀ. ಪದೇ ಪದೇ ಮಲಗೋರಿಗೆ ಚರ್ಮದ ಕ್ಯಾನ್ಸರ್ ಬರೋ ಅಪಾಯ ಜಾಸ್ತಿ ಆಗುತ್ತೆ."

ಕ್ಯಾನ್ಸರ್ ಎಂಬ ಮಾತು ಕೇಳಿ ಈಶ್ವರಮ್ಮ ಬೆಂಚಿನ ಮೇಲೆ ಕುಸಿದರು. ನಂಜಪ್ಪನವರಿಗೂ ಬೆವರು ಕಿತ್ತುಕೊಂಡು ಬಂತು. ಆ ಬೆವರೂ ಉರಿಯಿತು.

"ಒಂದ್ಸಲಕ್ಕೇನಾಗಲ್ಲ ಅಲ್ವ್ರಾ ಮೇಡಂ?"

"ಒಂದ್ಸಲಾನೂ ಒಳ್ಳೇದಲ್ಲ. ಈಗ ವಾಸಿ ಆಗೋತನಕ ಬಿಸ್ಲಿಗೆ ಕಾಲಿಡ್ಬೇಡಿ, ಗೊತ್ತಾಯ್ತಾ?"

"ನಾಳೆನೇ ಆ ಮಂಚ ಆಚೆಗೋಗ್ಬೇಕು," ಎಂದರು ನಂಜಪ್ಪನವರು, ಕಾಣದ ಕಣ್ಣಿನಿಂದ ಸಿದ್ಧಾರ್ಥನನ್ನು ದುರುಗುಟ್ಟುತ್ತ.

ಆದರೆ ಟಿಕೆಟ್ಟಿನ ಆಸೆ ಮನೆಯಲ್ಲಿ ಮಲಗಗೊಡಲಿಲ್ಲ. ಸಂಜೆ ಒದ್ದೆ ಟವೆಲ್ ಹೊದ್ದು ಫ್ಲೆಕ್ಸಿನ ಕೆಳಗೆ ನಿಂತರು. ಸುಟ್ಟ ಬದನೆಕಾಯಿಯಂತಿದ್ದ ಮುಖದಲ್ಲಿ ಕಣ್ಣೀರು ದಳದಳ ಇಳಿಯುತ್ತಿತ್ತು.

ಅಧ್ಯಕ್ಷರು ಕಾರಿನಿಂದಿಳಿದು ಮೇಲಿದ್ದ ಬೆಳ್ಳನೆಯ ನಂಜಪ್ಪನವರನ್ನು ನೋಡಿದರು. ಆಮೇಲೆ ಕೆಳಗಿದ್ದವರನ್ನು ನೋಡಿದರು. ಕಾರ್ಯಕರ್ತರ ಕಡೆ ತಿರುಗಿದರು.

"ನೋಡ್ರಯ್ಯಾ, ಹೆಂಗಿದ್ದ ಮನುಷ್ಯ ಪಕ್ಷಕ್ಕೋಸ್ಕರ ಬಿಸಿಲಲ್ಲಿ ಸುತ್ತಿ ಸುತ್ತಿ ಹೆಂಗಾಗಿದಾನೆ. ನನ್ನನ್ನ ಕಂಡು ಅಳ್ತಿದಾನೆ ಬೇರೆ."

ನಂಜಪ್ಪನವರ ಎದೆ ಉಬ್ಬಿತು. ಟಿಕೆಟ್ ಇನ್ನೇನು ಕೈಗೆ ಬಂತೆಂದು ಉರಿಯುವ ಕೈಗಳನ್ನು ಜೋಡಿಸಿದರು.

"ಟಿಕೆಟ್ ಯಾರಿಗಾದ್ರೂ ಕೊಡಬಹುದು, ಹನುಮಯ್ಯನಿಗೇ ಇರಲಿ," ಎಂದರು ಅಧ್ಯಕ್ಷರು. "ಬಿಸಿಲಿಗೆ ಹೆದರದೋರು ಸಿಗೋದು ಕಷ್ಟ. ನಾಳೆ ಇಲ್ಲಿಂದ ಸರ್ಜಾಪುರಕ್ಕೆ ಪಾದಯಾತ್ರೆ. ಮುಂದೆ ನಡೆಯೋರು ನಮ್ಮ ನಂಜಪ್ಪನೋರೇ."

ಚಪ್ಪಾಳೆ ಬಿತ್ತು. ನಂಜಪ್ಪನವರು ಒದ್ದೆ ಟವೆಲ್ಲನ್ನು ಹಣೆಯ ಮೇಲೆ ಎಳೆದುಕೊಂಡರು.

"ಒಂದು ಕೊಡೆನಾದ್ರೂ..." ಎಂದರು ಕೊನೆಗೆ.

"ಕೊಡೆ ಹಿಡಿದ್ರೆ ಮುಖ ಕಾಣಲ್ಲ ಅಣ್ಣಾ," ಎಂದ ಹನುಮಯ್ಯ, ಕಾರಿನ ಗಾಜು ಏರಿಸುತ್ತ. "ಫ್ಲೆಕ್ಸ್ ನೋಡಿರೋ ಜನ ಹುಡುಕ್ತಾರೆ."