ಮೈನಸ್ ಎರಡು ಗುಂಟೆ

ಬೆಳಗಾವ್ಯಾಗ ಕಾಲೇಜ್ ಹುಡುಗರಿಗೆ ಕ್ಯಾಲ್ಕುಲಸ್ ಕಲಸಾಕ್ಹತ್ತಿ ಹದಿನಾರು ವರ್ಷ ಆತು. ಮರ್ಯಾದಿ ಹೋಗೂ ಪ್ರಸಂಗ ವರ್ಷಕ್ಕೊಂದು ಬರ್ತಿದ್ವು. ಈ ಸಲ ಮಾತ್ರ ಒಂದ ತಿಂಗಳದಾಗ ಸಾಲು ಹಚ್ಚಿ ಬಂದ್ವು.

೧. ಡೌಟ್ ತಾಸು

"ಲೆಕ್ಕ ತಿಳೀದಿದ್ರ ನಾಚ್ಕೋಬ್ಯಾಡ್ರಿ, ಮೂರಕ್ಕ ನನ್ನ ರೂಮಿಗೆ ಬರ್ರಿ" ಅಂತ ಕ್ಲಾಸಿನ್ಯಾಗ ಸಾರಿದ್ದೆ. ಎರಡು ವಾರ ಒಂದು ನರಪಿಳ್ಳೆ ಬರಲಿಲ್ಲ. ಕಡೀಕ ಒಬ್ಬಾಕಿ ಹುಡುಗಿ ಬಾಗಲದಾಗ ಹಣಿಕಿ ಹಾಕಿದ್ಲು. "ಬಾರವಾ, ಕುಂದರು" ಅಂದೆ. ಆಕಿ ಬಾಯಿ ತಗಿಯೂದ್ರಾಗ ಚೈನ್ ರೂಲ್ ಚಾಲೂ ಮಾಡಿದೆ. ಅರ್ಧ ತಾಸು ಹೇಳಿ, "ತಿಳೀತಿಲ್ಲೋ?" ಅಂತ ಕೇಳಿದೆ.

"ತಿಳೀತ್ರಿ ಮೇಡಂ. ಆದ್ರ ನಾ ಕಾಮರ್ಸ್ ರೀ. ಬಸ್ ಪಾಸ್ ಫಾರ್ಮಿಗೆ ಕಾಲೇಜಿನ ಸಿಕ್ಕಾ ಎಲ್ಲಿ ಹೊಡೀತಾರ ಅಂತ ಕೇಳಾಕ ಬಂದಿದ್ದೆ. ಖಾನಾಪುರ ಬಸ್ಸೂ ಹೋತ್ರಿ ಈಗ."

೨. ಕೆಂಪು ಶಾಯಿ

ಮನಿಗೆಲಸದ ನೋಟಬುಕ್ ತಿದ್ದಾಕ ಕುಂತಿದ್ದೆ. ಒಬ್ಬಾಂವ ಲೆಕ್ಕದ ನಡುವ ನೀಲಿ ಶಾಯಿಲೆ ಬರದಿದ್ದ: 'ಹಿಂಗಲ್ಲ, ಇನ್ನೊಮ್ಮೆ ಮಾಡು.' ಅದು ನಾ ಕೆಂಪು ಶಾಯಿಲೆ ಬರಿಯೂ ಮಾತು! ಹಿಂದಿನ ಬ್ಯಾಚಿನ ಹುಡುಗನ ನೋಟಬುಕ್ ಇಳಸೂ ಮುಂದ ನನ್ನ ಬೈಗಳನೂ ಇಳಿಸಿ ತಂದಿದ್ದ.

"ನಾಚಿಕಿ ಬರೂದಿಲ್ಲೇನೋ? ಹೋದ ವರ್ಷದ ಉತ್ತರ ತಂದೀಯಲ್ಲ!"

"ತಪ್ಪಾತ್ರಿ ಮೇಡಂ. ಲೆಕ್ಕನೂ ಹೋದ ವರ್ಷದ್ದಾ ಕೊಟ್ಟಿದ್ರಿ. ಉತ್ತರನೂ ನಡೀತೈತಿ ಅನ್ಕೊಂಡೆ."

ಖರೇ ಇತ್ತು. ನಾ ಬದಲ ಮಾಡಿದ್ದು ತಾರೀಖ ಒಂದ.

೩. ಹೊಲದ ಲೆಕ್ಕ

ಆ ಮಾತು ಭಾಳ ಚುಚ್ಚಿತು. ಮರುದಿನನ ಗಡಿಬಿಡ್ಯಾಗ ಬೋರ್ಡ್ ತುಂಬ ಸೂತ್ರ ಬರದು, ಹೊಸಾ ಲೆಕ್ಕ ಕೊಟ್ಟೆ. ನೀರಿನ ಅಲಿಯಂಗ ಬಾಗಿದ ಗೆರಿ ಕೆಳಗಿನ ಕ್ಷೇತ್ರಫಲ ಎಷ್ಟು? ಮನ್ಯಾಗ ಮಾಡ್ಕೊಂಡು ಬರ್ರಿ, ಇಂಟರ್ನಲ್ ಮಾರ್ಕ್ಸಿಗೆ ಹಿಡೀತೇನಿ ಅಂದೆ.

ಸರಿ ಉತ್ತರ 'ಎರಡು'. ಇಡೀ ಕ್ಲಾಸು ಬರದಿದ್ದು ಮೈನಸ್ ಎರಡು! ಒಬ್ಬ ಹುಡುಗಂದು ಮಾತ್ರ ಸರಿ ಇತ್ತು.

ನನ್ನ ಪಿತ್ತ ನೆತ್ತಿಗೇರ್ತು. "ಖಾನಾಪುರ ಕಡೆ ಯಾರದರೆ ಹೊಲ ಮೈನಸ್ ಎರಡು ಗುಂಟೆ ಐತೇನ್ರೋ? ಎಲ್ಲಾರದೂ ಒಂದ ತಪ್ಪು ಅಂದ್ರ ಕಾಪಿ! ಎಲ್ಲಾರಿಗೂ ಸೊನ್ನಿ!" ಸೊನ್ನಿ ಬಿದ್ರ ಪರೀಕ್ಷಾಕ್ಕ ಕುಂಡ್ರಾಕ ಬಿಡೂದಿಲ್ಲ, ಅದು ಅವರಿಗೂ ಗೊತ್ತಿತ್ತು.

ಮುಂದಿನ ಬೆಂಚಿನ ಹುಡುಗಿ ಅಳಕೋತ ಎದ್ದು ನೋಟಬುಕ್ ತಂದ್ಲು. "ಮೇಡಂ, ಕಾಪಿ ಅಲ್ರಿ. ಬೋರ್ಡ್ ಮ್ಯಾಲ ನೀವು ಬರದ ಸೂತ್ರ ಹಚ್ಚಿದ್ರ ಹಿಂಗ ಬರ್ತೈತ್ರಿ. ಮೈನಸ್ ಬಂದಾಗ ನನಗೂ ಸಂಶಯ ಬಂತು. ಆದ್ರ ಮೇಡಂ ತಪ್ಪು ಬರೀತಾರೇನು ಅಂತ ಹಂಗ ಬಿಟ್ಟೆ."

ನೋಡಿದೆ. ಸೂತ್ರದಾಗಿನ ಮೈನಸ್ ಚಿನ್ಹಿ ನಾನ ನುಂಗಿದ್ದೆ. ಭೂಮಿ ಬಾಯಿ ಬಿಟ್ಟು ನನ್ನ ನುಂಗಬಾರದ ಅನಿಸ್ತು. ಪ್ರಾಮಾಣಿಕರಾಗಿ ಕುಂತು ಲೆಕ್ಕ ಮಾಡಿದ ಮಕ್ಕಳಿಗೆ ಕಳ್ಳರು ಅಂದಿದ್ನೆಲ್ಲ! ಎಲ್ಲಾರ ಮುಂದ ಕೈ ಮುಗದೆ. "ತಪ್ಪು ನಂದು. ನಿಮಗೆಲ್ಲಾ ಪೂರ್ತಿ ಮಾರ್ಕ್ಸ್" ಅಂದೆ.

ಅಷ್ಟಕ್ಕ ಬಿಡಬೇಕಿತ್ತು. ಉಳದ ಚೂರು ಮಾನ ಉಳಿಸ್ಕೊಳ್ಳಾಕ, ಸರಿ ಉತ್ತರ ಬರದ ಹುಡುಗನ್ನ ಮುಂದ ಕರದೆ. "ಇಂವನ್ನ ನೋಡಿ ಕಲೀರಿ! ನಾ ತಪ್ಪು ಹೇಳಿದ್ರೂ ಇಂವಾ ಸ್ವಂತ ತಲಿ ಓಡಿಸ್ಯಾನ. ಹೆಂಗ ಮಾಡಿದೆಪಾ, ಎಲ್ಲಾರಿಗೂ ಹೇಳು."

ಹುಡುಗ ನೆಲ ನೋಡ್ಕೋತ ಅಂದ:

"ಮೇಡಂ, ಅವತ್ತ ನಾ ಕ್ಲಾಸಿಗೆ ಬಂದಿರಲಿಲ್ರಿ. ಮೊಬೈಲ್ ನೋಡಿ ಇಳಿಸೇನ್ರಿ. ಇಡೀ ಕ್ಲಾಸಿನ್ಯಾಗ ಕಾಪಿ ಹೊಡದಾಂವ ನಾ ಒಬ್ಬಾಂವನ ರೀ."