ಬೆಲ್ಲಕ್ಕೆ ಬಹಿಷ್ಕಾರ

"ಇನ್ನು ಸಿಹಿ ಎಂಬುದು ಈ ಮನೆಯ ಹೊಸ್ತಿಲು ದಾಟಿದರೆ ನನ್ನ ಹೆಸರು ಲೋಕಯ್ಯನೇ ಅಲ್ಲ!"

ಬೆಳ್ತಂಗಡಿಯ ಲೋಕಯ್ಯ ಮಾಸ್ಟ್ರು ಮಂಗಳೂರಿನ ಬಸ್ಸಿಳಿದು ಮನೆಗೆ ಬಂದವರೇ ಹೀಗೆ ಘೋಷಿಸಿಬಿಟ್ಟರು. ಬಸುರಿ ಹೆಂಡತಿ ನೀಲಾವತಿಗೆ ಸಿಹಿಮೂತ್ರ ರೋಗವೆಂದು ಡಾಕ್ಟರು ಹೇಳಿದ್ದರು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಇದಾದರೂ ಕೈಗೆ ಬರಲಿ ದೇವರೇ ಎಂದು ಮಾಸ್ಟ್ರು ಹಗಲಿರುಳು ಬೇಡುತ್ತಿದ್ದರು.

"ಡಾಕ್ಟರು ಇನ್ನೊಂದು ಮಾತೂ ಹೇಳಿದ್ರು..." ಎಂದಳು ನೀಲಾವತಿ.

"ಒಂದೇ ಸಾಕು! ಸಿಹಿ ಬಂದ್!"

ಬೆಲ್ಲವೆಲ್ಲ ಡಬ್ಬಿ ಸಮೇತ ನೆರೆಮನೆಯ ಹಾಜಬ್ಬನ ಗಾಡಿ ಎತ್ತುಗಳ ಪಾಲಾಯಿತು. ಮರುದಿನದಿಂದ ಆ ಎತ್ತುಗಳು ಎಷ್ಟು ಹೊಡೆದರೂ ಮಾಸ್ಟ್ರ ಅಂಗಳ ಬಿಟ್ಟು ಕದಲಲೊಲ್ಲವು!

ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಕ್ರಮ. ಅದಕ್ಕೂ ಕತ್ತರಿ ಬಿತ್ತು. ಬರೀ ನೀರಿನ ಚೆಂಬು ಕಂಡು ಮಾಸ್ಟ್ರ ದೊಡ್ಡಮ್ಮ ಕಾವೇರಮ್ಮ ಕೆಂಡವಾದರು.

"ಏನು ಮಾರಾಯ, ನಾನೇನು ಸಾವಿನ ಮನೆಗೆ ಬಂದದ್ದಾ?"

"ಕಾನೂನು ಎಲ್ಲರಿಗೂ ಒಂದೇ, ದೊಡ್ಡಮ್ಮ."

"ಹಾಗಾದ್ರೆ ಇನ್ನು ನನ್ನ ಬೆಲ್ಲ ನಾನೇ ತರ್ತೇನೆ!"

ಹೇಳಿದಂತೆಯೇ ಮುಂದಿನ ಸಲ ಸೆರಗಿನ ತುದಿಗೆ ಬೆಲ್ಲ ಕಟ್ಟಿಕೊಂಡು ಬಂದರು. ಮಾಸ್ಟ್ರು ಆಗಷ್ಟೇ ಹೆಂಡತಿಗೆ ಇನ್ಸುಲಿನ್ ಚುಚ್ಚಿದ್ದರು. ಮೂತ್ರಕ್ಕೆ ಔಷಧದ ನೀರು ಬೆರೆಸಿ ಕುದಿಸಿಯೂ ಆಗಿತ್ತು. ಕೆಂಪಾದರೆ ಸಕ್ಕರೆ ಉಂಟು, ನೀಲಿಯಾಗಿಯೇ ಉಳಿದರೆ ಇಲ್ಲ. ಅಂದು ನೀಲಿಯೋ ನೀಲಿ!

"ನೋಡಿ ದೊಡ್ಡಮ್ಮ, ನನ್ನ ಆಡಳಿತದ ಪ್ರತಾಪ!" ಎಂದು ಗಾಜಿನ ನಳಿಗೆ ಎತ್ತಿ ಹಿಡಿದು ಪಾಠ ಶುರುಮಾಡಿದರು. ಹೆಂಡತಿಯ ಗಂಜಿಯನ್ನು ತಾವೇ ಅಳೆದು ಬಡಿಸಬೇಕೆಂಬುದೂ ಅವರದೇ ಕಾನೂನು. ಗಂಟೆ ಕಳೆದರೂ ಪಾಠ ಮುಗಿಯಲಿಲ್ಲ, ಗಂಜಿ ಬಡಿಸಲಿಲ್ಲ.

ನೀಲಾವತಿ ಬಾಗಿಲಿಗೆ ಒರಗಿದಳು. ಮೈಯೆಲ್ಲ ಬೆವರು, ಕೈ ಗಡಗಡ. "ಕಣ್ಣು ಕತ್ತಲೆ ಬರ್ತದೆ... ಬೆಲ್ಲ ಕೊಡಿ..."

"ಬೆಲ್ಲವಾ! ನಿನಗಾ!"

"ಅದೇ ಡಾಕ್ಟರ ಎರಡನೇ ಮಾತು! ಸೂಜಿ ಹಾಕಿದ ಮೇಲೆ ಊಟ ತಡವಾಗಿ ಬೆವರಿ ನಡುಗಿದ್ರೆ ಸಕ್ಕರೆ ತೀರಾ ಇಳಿದದ್ದು, ಕೂಡಲೇ ಬೆಲ್ಲ ತಿನ್ನಿಸಿ ಅಂತ!"

ನಳಿಗೆ ಕೈಜಾರಿ ಚೂರಾಯಿತು. ಮಾಸ್ಟ್ರು ಬರಿಗಾಲಲ್ಲೇ ಹಾಜಬ್ಬನ ಹಟ್ಟಿಗೆ ಓಡಿದರು. ಎತ್ತುಗಳು ಬೆಲ್ಲದ ಡಬ್ಬಿಯ ತಳವನ್ನೂ ನೆಕ್ಕಿ ಮುಗಿಸಿದ್ದವು! ಅಳುತ್ತಾ ಮನೆಗೆ ಹಿಂತಿರುಗಿ ನೋಡಿದರೆ, ಕಾವೇರಮ್ಮ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ ನೀಲಾವತಿಗೆ ಬೆಲ್ಲ ತಿನ್ನಿಸುತ್ತಿದ್ದರು. ನಡುಕ ಮೆಲ್ಲಗೆ ನಿಂತಿತು, ಮುಖಕ್ಕೆ ಕಳೆ ಬಂತು. ಮಾಸ್ಟ್ರು ದೊಡ್ಡಮ್ಮನ ಕಾಲು ಹಿಡಿದವರು ಬಿಡಲೇ ಇಲ್ಲ. ಆ ಬೆಲ್ಲದ ಋಣ ಏಳು ಜನ್ಮಕ್ಕೂ ತೀರದೆಂದು ಅವರಿಗೆ ಅನಿಸಿತು.

ತಿಂಗಳು ತುಂಬಿ ಗುಂಡು ಗುಂಡಾದ ಹೆಣ್ಣು ಕೂಸು ಹುಟ್ಟಿತು. ನೋಡಲು ಬಂದ ಕಾವೇರಮ್ಮನ ಮುಂದೆ ಮಾಸ್ಟ್ರು ತಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಬೆಲ್ಲದುಂಡೆ ಇಟ್ಟು ಕೈಮುಗಿದರು.

"ಬೇಡ ಮಾರಾಯ. ಡಾಕ್ಟರು ನನಗೂ ಸಿಹಿಮೂತ್ರ ಅಂದ್ರು. ಬರೀ ನೀರು ಕೊಡು."

ಮಾಸ್ಟ್ರು ತಟ್ಟೆ ಹಿಂದೆಗೆಯಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು: "ಎರಡನೇ ಮಾತು ಏನು ಹೇಳಿದ್ರು, ದೊಡ್ಡಮ್ಮ?"

"ಅದಾ? ಲೋಕಯ್ಯನ ಮನೆಗೆ ಹೋಗುವಾಗ ಮಾತ್ರ ಬೆಲ್ಲ ಕಟ್ಟಿಕೊಂಡೇ ಹೋಗಿ ಅಂತ!"