ಮ್ಯಾನೇಜರಿಗೆ ಬಯ್ಯಲು ಕಲಿಸಿದ್ದು

ಎಡವಟ್ಟು ಶುರುವಾದದ್ದು ಕೊಡೆ ಕಾರ್ಖಾನೆಯ ಮ್ಯಾನೇಜರು ತೀರ ಸಾಧುವಾಗಿದ್ದದ್ದರಿಂದ.

ನಮ್ಮ ಕೋಚ್ ಸಾಹೇಬರಿಗೆ ಉದ್ಯೋಗ ಎರಡು. ಮ್ಯಾನೇಜರುಗಳಿಗೆ ನಾಯಕತ್ವ ಕಲಿಸುವುದು ಒಂದು, ಸಾಕ್ಷ್ಯಚಿತ್ರ ತೆಗೆಯುವುದು ಇನ್ನೊಂದು. ಎರಡರಲ್ಲೂ ಈವರೆಗೆ ನೊಣ ಹೊಡೆದದ್ದೇ ಬಂತು. ಆಗ ಹೊಳೆಯಿತು ಮಹದಾಲೋಚನೆ: ಎರಡನ್ನೂ ಸೇರಿಸಿಬಿಟ್ಟರೆ? ಒಬ್ಬ ಮ್ಯಾನೇಜರನ್ನು ಹಿಡಿದು ನಾಯಕನನ್ನಾಗಿ ಮಾಡುವುದು, ಮಾಡುತ್ತಲೇ ಚಿತ್ರ ತೆಗೆಯುವುದು. ಎರಡು ಸೊನ್ನೆ ಕೂಡಿಸಿದರೆ ಎಷ್ಟಾಗುತ್ತದೆ ಎಂದು ಹೆಂಡತಿ ಕೇಳಿದಳು. ಕೋಚ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಖಾನೆ ಮಾವನದು. ಅವರು ಒಪ್ಪಿದರು, ಆದರೆ ಷರತ್ತು ಹಾಕಿದರು.

"ಒಂದು ದಿನ ಕೊಡ್ತೀನಿ ಅಳಿಯಂದ್ರೇ. ಸಂಜೆಯೊಳಗೆ ಮ್ಯಾನೇಜರ್ ಬದಲಾದ್ರೆ ನೀವು ಗೆದ್ರಿ, ನಿಮ್ಮ ಪಾಡಿಗೆ ಚಿತ್ರ ತೆಕ್ಕೊಂಡಿರಿ. ಇಲ್ದಿದ್ರೆ ಸೋಮವಾರದಿಂದ ಇಲ್ಲೇ ಪ್ಯಾಕಿಂಗ್ ಕೆಲಸಕ್ಕೆ ಬಂದ್ಬಿಡಿ."

ಪ್ಯಾಕಿಂಗ್ ಎಂದದ್ದೇ ತಡ, ಹೇಗಾದರೂ ಗೆಲ್ಲಲೇಬೇಕೆಂದು ಕೋಚ್ ಹಟ ತೊಟ್ಟರು.

ಬೆಳಿಗ್ಗೆ ಬಾಮೈದನ ಹೆಗಲಿಗೆ ಕ್ಯಾಮೆರಾ ಹೊರಿಸಿಕೊಂಡು ಒಳಹೊಕ್ಕರೆ, ಮ್ಯಾನೇಜರು ಕೊಡೆಯ ಬಟ್ಟೆಯನ್ನು ಕಡ್ಡಿಗೆ ಹೊಲಿಯುವವರ ನಡುವೆ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು.

"ಅಕ್ಕಾ, ನಿಮಗೆ ತೊಂದರೆ ಇಲ್ಲಾಂದ್ರೆ ಕಪ್ಪು ಕೊಡೆಗಳನ್ನ ಮೊದಲು ಮುಗಿಸೋಣ್ವಾ?"

ಹಿರಿಯ ಹೊಲಿಗೆಯಕ್ಕ ತಲೆಯಾಡಿಸಿದಳು. ಕಪ್ಪು ಕೊಡೆಗಳು ಮುಗಿದೂ ಹೋದವು. ಬಾಮೈದ ಅಷ್ಟನ್ನೂ ಚಿತ್ರ ತೆಗೆದ.

ಕೋಚ್ ತಲೆಯ ಮೇಲೆ ಕೈಹೊತ್ತು ಕೂತರು. ಎಲ್ಲ ಇಷ್ಟು ಸರಿಯಿದ್ದರೆ ಬದಲಾಯಿಸುವುದು ಏನನ್ನು? ಚಿತ್ರಕ್ಕೆ 'ಮೊದಲು' ಬೇಕು, 'ನಂತರ' ಬೇಕು. ಇಲ್ಲಿ ಬೆಳಗಿನಿಂದಲೇ ಬರೀ 'ನಂತರ'.

"ನೀವು ಸ್ವಲ್ಪ ಕೆಟ್ಟವರಾಗ್ಬೇಕು. ಮಧ್ಯಾಹ್ನದವರೆಗೆ ಸಾಕು. ಆಮೇಲೆ ನಾನು ನಿಮ್ಮನ್ನ ಒಳ್ಳೆಯವರನ್ನಾಗಿ ಮಾಡ್ತೀನಿ."

"ಬಯ್ಯೋದು ನಂಗೆ ಬರಲ್ವಲ್ಲ ಸಾರ್," ಎಂದರು ಮ್ಯಾನೇಜರು.

"ಕಲಿಸೋಕೇ ತಾನೆ ನಾನಿರೋದು? ಯಾರ ಮಾತನ್ನೂ ಕೇಳ್ಬೇಡಿ. ಎದುರಿಗೆ ಮಾಲೀಕರೇ ಇದ್ರೂ ಅಷ್ಟೆ."

ಮೊದಲ ಬೈಗುಳ ಕೆಮ್ಮಿದ ಹಾಗಿತ್ತು. ಎರಡನೆಯದಕ್ಕೆ ಹೊಲಿಗೆಯಕ್ಕ ಹುಷಾರಿಲ್ಲವೇನೋ ಎಂದು ನೀರು ತಂದುಕೊಟ್ಟಳು. ಹನ್ನೊಂದನೆಯ ಟೇಕಿಗೆ ಮೂವತ್ತು ಸೂಜಿಗಳೂ ಒಟ್ಟಿಗೆ ನಿಂತವು. ಮ್ಯಾನೇಜರು ಆ ನಿಶ್ಶಬ್ದವನ್ನು ಕಣ್ಣರಳಿಸಿ ಕೇಳಿಸಿಕೊಂಡರು. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ರುಚಿ ಅವರು ಕಂಡಿರಲಿಲ್ಲ.

ಊಟವಾಯಿತು. "ಸರಿ, ಈಗ ಒಳ್ಳೆಯವರಾಗಿ," ಎಂದರು ಕೋಚ್.

"ಯಾಕೆ?" ಎಂದರು ಮ್ಯಾನೇಜರು.

ಕೋಚ್ ಅಂಗಲಾಚಿದರು. ಮ್ಯಾನೇಜರು ಇನ್ನಷ್ಟು ಗುಡುಗಿದರು. ಮೂರು ಗಂಟೆಯ ಹೊತ್ತಿಗೆ, ದಾರಿಗೆ ಅಡ್ಡ ನಿಂತ ತಪ್ಪಿಗೆ, ಕೋಚ್ ಸಾಹೇಬರೇ ಬಟ್ಟೆಯ ಗಂಟು ಹೊರುತ್ತಿದ್ದರು.

"ದೇವರಂಥ ಮನುಷ್ಯ ಆಗಿದ್ರು," ಎಂದಳು ಹೊಲಿಗೆಯಕ್ಕ. "ಅದೇನು ಕುಡಿಸಿದ್ರಿ ಸಾರ್?"

ಕೋಚ್‌ಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಪ್ಯಾಕಿಂಗ್ ನೆನಪಾದೊಡನೆ ನಾಚಿಕೆ ಪಕ್ಕಕ್ಕೆ ಸರಿಯಿತು. ಅವರು ಬಾಮೈದನ ಕಿವಿಯಲ್ಲಿ ಪಿಸುಗುಟ್ಟಿದರು: "ಗುಡುಗಿದ್ದನ್ನ ಮೊದಲು ತೋರಿಸು. ದಾರ ಪೋಣಿಸಿದ್ದು ಕೊನೇಲಿರಲಿ."

ಸಂಜೆ ಮಾವ ಆಫೀಸಿನಲ್ಲಿ ಕೂತು ಎಲ್ಲವನ್ನೂ ನೋಡಿದರು. ಮುಗಿದ ಮೇಲೆ ನಕ್ಕರು.

"ಉಲ್ಟಾ ಜೋಡಿಸಿದ್ದೀರಿ ಅಳಿಯಂದ್ರೇ. ದಾರ ಪೋಣಿಸೋದನ್ನ ಹದಿನೆಂಟು ವರ್ಷದಿಂದ ನೋಡ್ತಿದ್ದೀನಿ. ಗುಡುಗೋದು ಹೊಸದು. ನಂಗೆ ಬೇಕಿದ್ದಿದ್ದೂ ಅದೇ. ಗೆದ್ರಿ, ಹೋಗಿ."

ಕೋಚ್‌ಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು.

"ಪ್ಯಾಕಿಂಗ್‌ನಲ್ಲಿ ಒಬ್ರು ಕಮ್ಮಿ ಇದ್ದಾರೆ," ಎಂದರು ಮ್ಯಾನೇಜರು, ಕೋಚ್ ಕಡೆ ಬೆರಳು ತೋರಿಸಿ. "ಇವರು ಗಂಟು ಚೆನ್ನಾಗಿ ಹೊರ್ತಾರೆ. ಸೋಮವಾರ ಎಂಟಕ್ಕೆ ಬರ್ಲಿ."

"ಹಾಗಲ್ಲಪ್ಪಾ, ಅವರು ಗೆದ್ದು..." ಎಂದು ಮಾವ ಬಾಯಿ ತೆರೆದರು.

"ನಾನು ಯಾರ ಮಾತನ್ನೂ ಕೇಳಲ್ಲ. ಎದುರಿಗೆ ಮಾಲೀಕರೇ ಇದ್ರೂ ಅಷ್ಟೆ."

ಮಾವ ತಮಗೇ ತಿಳಿಯದಂತೆ ಕುರ್ಚಿಯಿಂದ ಎದ್ದು ನಿಂತಿದ್ದರು. ಮ್ಯಾನೇಜರು ಹೊರಗೆ ಹೋದದ್ದು ಖಾತ್ರಿಯಾದ ಮೇಲೆ ಅಳಿಯನ ಹತ್ತಿರ ಬಂದು ದನಿ ತಗ್ಗಿಸಿದರು.

"ಎಂಟಕ್ಕೆ ಸರಿಯಾಗಿ ಬಂದ್ಬಿಡಿ ಅಳಿಯಂದ್ರೇ. ತಡ ಆದ್ರೆ ನಂಗೂ ಬಯ್ತಾರೆ."